ಬಿಳಿ ಪುಡಿಯ ಭಾದ್ರಪದ

ಕಳೆದ ಶ್ರಾವಣದಲ್ಲಿ ಹಳೆಯ ಕಾಗದವೊಂದರ ಮೇಲೆ ಸಹಿ ಬೇಕಾಗಿ ಚಿಕ್ಕೋಡಿಗೆ ಹೋಗಿದ್ದೆ. ನಾನು ಮೂವತ್ತೊಂದು ವರ್ಷ ಅಟೆಂಡರನಾಗಿ ದುಡಿದ ಕಾಲೇಜು ಅದು. ಆಫೀಸಿಗೆ ಹೋಗುವ ದಾರಿ ಸೂಕ್ಷ್ಮಜೀವಿಗಳ ಲ್ಯಾಬಿನ ಮುಂದೆಯೇ ಹಾಯುತ್ತದೆ. ಒಳಗೆ ಯಾರೋ ಆಗಷ್ಟೇ ಆಟೋಕ್ಲೇವಿನ ಮುಚ್ಚಳ ತೆಗೆದಿದ್ದರು. ದೊಡ್ಡ ಕುಕ್ಕರಿನಂಥ ಪಾತ್ರೆ ಅದು. ಗಾಜಿನ ಬಟ್ಟಲು, ಕೊಳವೆ, ಸೂಕ್ಷ್ಮಜೀವಿ ಬೆಳೆಸುವ ಅಗಾರ್ ಗಂಜಿ, ಎಲ್ಲವೂ ಅದರಲ್ಲಿ ಬೇಯುತ್ತವೆ. ಆ ಹಬೆಯ ವಾಸನೆ ಸಪ್ಪಗೆ, ಸ್ವಲ್ಪ ಸಿಹಿಯಾಗಿ, ಹಳಸಲು ಗಂಜಿಯಂತೆ ಇರುತ್ತದೆ. ಮೂವತ್ತೊಂದು ವರ್ಷ ಅದನ್ನು ಉಸಿರಾಡಿದವನು ನಾನು. ಆದರೆ ಆ ದಿನ ಗೋಡೆ ಹಿಡಿದು ನಿಂತುಬಿಟ್ಟೆ. ಈಗಿನ ಅಟೆಂಡರ್ ಹೊರಗೆ ಬಂದು, ಯಾಕ್ರಿ ಕಾಕಾ, ಚಕ್ಕರ್ ಬಂತೇನು ಎಂದು ಕೇಳಿದ. ಬಿಸಿಲಿಗೆ ಎಂದೆ. ಹೊರಗೆ ಜಿಟಿಜಿಟಿ ಮಳೆ ಹನಿಯುತ್ತಿತ್ತು. ಸಹಿಯನ್ನೂ ಮರೆತು ಬಸ್ ಹಿಡಿದು ಊರಿಗೆ ಮರಳಿದೆ.

ನಾನು ನಿಪ್ಪಾಣಿ ತಾಲೂಕಿನ ಅಕ್ಕೋಳದವನು. ನಮ್ಮದು ಜೈನರ ಮನೆ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಮೊದಲು ಹೊಲ, ಆಮೇಲೆ ಈ ಕೆಲಸ. ನನಗೆ ಆ ಕೆಲಸ ಸಿಕ್ಕಾಗ ನನ್ನ ಹೆಂಡತಿ ಸುಶೀಲಾ ಸಂತೋಷಪಟ್ಟಿರಲಿಲ್ಲ. ಕುಡಿಯುವ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಮತ್ತೆ ಬಾವಿಯ ನೀರಿನಲ್ಲೇ ತೊಳೆಯುತ್ತಿದ್ದವಳು ಅವಳು. ಬಟ್ಟೆಗೆ ಹತ್ತಿದ ಕಣ್ಣಿಗೆ ಕಾಣದ ಜೀವ ತನ್ನ ನೀರಿಗೆ ತಾನು ಮರಳಲಿ ಎಂದು. ಅಂಥವಳ ಗಂಡ ಜೀವಗಳನ್ನು ಬಟ್ಟಲಲ್ಲಿ ಬೆಳೆಸಿ, ಸಂಜೆಗೆ ಕುಕ್ಕರಿನಲ್ಲಿ ಬೇಯಿಸಿ ಚೆಲ್ಲುವ ಕೆಲಸ ಹಿಡಿದಿದ್ದ. ದಿನಾಲೂ ನಾನು ಹಿತ್ತಲಲ್ಲಿ ಮೈ ತೊಳೆದ ಮೇಲೆಯೇ ಒಳಗೆ ಬರಬೇಕಿತ್ತು. ಇವತ್ತ ಎಷ್ಟ ಲಕ್ಷ ಕೊಂದ ಬಂದ್ರಿ ಎಂದು ನಗುತ್ತ ಕೇಳುತ್ತಿದ್ದಳು. ಅರ್ಧ ಚೇಷ್ಟೆ, ಅರ್ಧ ನಿಜ. ಆ ಅಗಾರ್ ಗಂಜಿಯಲ್ಲಿ ಮಾಂಸದ ಸಾರ ಬೆರೆತಿರುತ್ತದೆ ಎಂಬುದು ನನಗೆ ಮೊದಲ ವರ್ಷವೇ ಗೊತ್ತಾಗಿತ್ತು. ಅವಳಿಗೆ ಕಡೆಯವರೆಗೂ ಹೇಳಲಿಲ್ಲ. ಅವಳಿಗೆ ಹೇಳದೆ ಇದ್ದುಬಿಡುವುದನ್ನು ನಾನು ಕಲಿತದ್ದು ಅಲ್ಲಿಂದ.

ನಾನು ಹೇಳಹೊರಟಿರುವ ಮಳೆಗಾಲ ನನ್ನ ನೌಕರಿಯ ಕೊನೆಯ ವರ್ಷದ್ದು. ಆ ವರ್ಷ ಲ್ಯಾಬಿನಲ್ಲಿ ವಿದ್ಯಾ ಮೇಡಂ ಎಂಬವರು ತಮ್ಮ ಪಿಎಚ್‌.ಡಿ. ಕೆಲಸ ನಡೆಸಿದ್ದರು. ರಾಯಬಾಗದ ಕಡೆಯವರು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಅವರ ಕೆಲಸ ಸತುವಿನ ಆಕ್ಸೈಡಿನದು. ಸತುವಿಗೆ ನಮ್ಮ ಕಡೆ ಜಸ್ತ ಎನ್ನುತ್ತಾರೆ. ಜಸ್ತದ ಉಪ್ಪನ್ನು ಎಲೆಯ ಕಷಾಯದಲ್ಲಿ ಕದಡಿ, ಕಾಯಿಸಿ, ಒಣಗಿಸಿ, ಕುಲುಮೆಯಲ್ಲಿಟ್ಟು ಸುಟ್ಟರೆ ಬೆಳ್ಳನೆಯ ಪುಡಿ ಬರುತ್ತಿತ್ತು. ಬೆರಳಲ್ಲಿ ತಿಕ್ಕಿದರೆ ಏನನ್ನೋ ಮುಟ್ಟಿದ್ದೇನೆ ಎಂಬ ಗುರುತೇ ಇರುತ್ತಿರಲಿಲ್ಲ, ಅಷ್ಟು ನುಣುಪು. ಕಷಾಯಕ್ಕೆ ಬೇಕಾದ ಲಕ್ಕಿ ಸೊಪ್ಪನ್ನು ನಾನೇ ನಮ್ಮ ಹೊಲದ ಬೇಲಿಯಿಂದ ಒಯ್ಯುತ್ತಿದ್ದೆ.

ಜಸ್ತದ ಪುಡಿ ಔಷಧದಂಗಡಿಯಲ್ಲೂ ಸಿಗುತ್ತದಲ್ಲ, ಇದರಲ್ಲೇನು ವಿಶೇಷ ಎಂದು ಒಮ್ಮೆ ಕೇಳಿದ್ದೆ. ಮೇಡಂ ಬೆಲ್ಲದ ಮಾತು ಹೇಳಿದರು. ಬೆಲ್ಲದ ಹೆಂಟೆ ನೀರಿಗೆ ಹಾಕಿದರೆ ಕರಗಲು ಹೊತ್ತು ಹಿಡಿಯುತ್ತದೆ, ಕುಟ್ಟಿ ಹಾಕಿದರೆ ತಟ್ಟನೆ ಕರಗುತ್ತದೆ. ಬೆಲ್ಲ ಅದೇ, ತೂಕವೂ ಅದೇ, ನೀರಿಗೆ ತಾಗುವ ಮೈ ಮಾತ್ರ ಹೆಚ್ಚಾಯಿತು. ಇದನ್ನು ಅದರ ಸಾವಿರ ಪಟ್ಟು ಕುಟ್ಟಿದ ಹಾಗೆ ಎಂದುಕೊಳ್ಳಿ ಎಂದರು. ಹಾಗೆ ಮೈ ಹೆಚ್ಚಾದ ಪುಡಿ ಸೂಕ್ಷ್ಮಜೀವಿಯ ಹೊರಗೋಡೆಗೆ ಅಂಟುತ್ತದೆ, ಅದನ್ನು ಹರಿಯುತ್ತದೆ, ಗಾಳಿಯ ಆಮ್ಲಜನಕವನ್ನೇ ವಿಷದಂತೆ ಅದರ ಮೇಲೆ ತಿರುಗಿಸುತ್ತದೆ. ನನಗೆ ತಿಳಿದದ್ದು ಇಷ್ಟು.

ಆದರೆ ಕಣ್ಣಿಗೆ ಕಂಡದ್ದು ಇದಕ್ಕಿಂತ ದೊಡ್ಡದಾಗಿತ್ತು. ಮಿರಜಿನ ದೊಡ್ಡ ದವಾಖಾನೆಯಿಂದ ತರಿಸಿದ, ರೋಗಿಗಳ ಗಾಯದ ಕೀವಿನಲ್ಲಿ ಸಿಕ್ಕ ಜೀವಿಗಳನ್ನು ಮೇಡಂ ಅಗಾರ್ ಬಟ್ಟಲಿನ ತುಂಬ ಸವರುತ್ತಿದ್ದರು. ನಡುವೆ ನಾಲ್ಕು ಸಣ್ಣ ಕುಳಿ ಕೊರೆದು, ಅದರಲ್ಲಿ ಪುಡಿ ಕದಡಿದ ನೀರು ಹನಿಸುತ್ತಿದ್ದರು. ಮರುದಿನ ಬಾಗಿಲು ತೆಗೆಯುವವನು ನಾನೇ ಆದ್ದರಿಂದ ಮೊದಲು ನೋಡುವವನೂ ನಾನೇ. ಬಟ್ಟಲೆಲ್ಲ ಹಾಲುಗಟ್ಟಿದಂತೆ ಮಬ್ಬಾಗಿರುತ್ತಿತ್ತು. ಕುಳಿಯ ಸುತ್ತ ಮಾತ್ರ ತಿಳಿಗಾಜಿನಂಥ ಉಂಗುರ. ಆ ಉಂಗುರದೊಳಗೆ ಒಂದೂ ಉಳಿದಿಲ್ಲ ಎಂದು ಅರ್ಥ. ಅಳತೆಪಟ್ಟಿ ಹಿಡಿದು ನಾನು ಹದಿನೆಂಟು ಮಿಲಿಮೀಟರ್, ಇಪ್ಪತ್ತೊಂದು ಎಂದು ಹೇಳುತ್ತಿದ್ದೆ, ಮೇಡಂ ಬರೆದುಕೊಳ್ಳುತ್ತಿದ್ದರು. ಕೆಲವು ದಿನ ತಾವು ಮತ್ತೆ ಅಳೆಯುತ್ತಲೂ ಇರಲಿಲ್ಲ. ಅಪ್ಪಣ್ಣನ ಕಣ್ಣು ಮಷೀನಿಗಿಂತ ನೆಟ್ಟಗ ಐತಿ ಎಂದು ಹುಡುಗಿಯರ ಮುಂದೆ ಹೇಳಿದ್ದರು. ಊರಿನ ಕಟ್ಟೆಯ ಮೇಲೂ ಆ ಉಂಗುರದ ಸುದ್ದಿ ಹೇಳಿ ಹೇಳಿ, ಜನ ನನ್ನನ್ನು ಡಾಕ್ಟರ್ ಎಂದು ಕರೆಯತೊಡಗಿದ್ದರು. ಚೇಷ್ಟೆಗೆ ಕರೆದರು. ನಾನು ಒಳಗೊಳಗೆ ನಿಜವೆಂದೇ ತೆಗೆದುಕೊಂಡೆ.

ಸುಶೀಲಾಳಿಗೆ ಸಕ್ಕರೆ ಕಾಯಿಲೆ ಇದ್ದು ಹತ್ತು ವರ್ಷದ ಮೇಲಾಗಿತ್ತು. ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿತ್ತು. ಆದರೂ ಬಸದಿಗೆ ಬರಿಗಾಲಲ್ಲೇ ಹೋಗುವಳು. ಆ ಶ್ರಾವಣದ ಕೊನೆಗೆ ಒಂದು ಮುಂಜಾನೆ ಬಸದಿಯ ಬಿಳಿ ಕಲ್ಲಿನ ಮೇಲೆ ಹೆಜ್ಜೆ ಹೆಜ್ಜೆಗೂ ರಕ್ತದ ಗುರುತು ಮೂಡಿತಂತೆ. ಇದು ಯಾರ ಕಾಲಿಂದು ಎಂದು ಅವಳೇ ತಿರುಗಿ ಹುಡುಕಿದಳಂತೆ. ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ಗಾಯ. ಯಾವ ಕಲ್ಲು ನೆಟ್ಟಿತೋ, ಎಂದು ನೆಟ್ಟಿತೋ ತಿಳಿಯದು. ನಿಪ್ಪಾಣಿಯ ಡಾಕ್ಟರರು ತೊಳೆದು ಪಟ್ಟಿ ಕಟ್ಟಿದರು, ಗುಳಿಗೆ ಬರೆದುಕೊಟ್ಟರು. ನಾಲ್ಕೈದು ದಿನದಲ್ಲಿ ಒಣಗದಿದ್ದರೆ ಇಲ್ಲಿ ಕೂಡಬೇಡಿ, ಮಿರಜಿಗೆ ಒಯ್ಯಿರಿ, ಸಕ್ಕರೆಯವರ ಕಾಲು ಸುಮ್ಮನೆ ಬಿಡುವಂಥದ್ದಲ್ಲ ಎಂದರು. ನನ್ನ ಮುಖ ನೋಡಿಯೇ ಹೇಳಿದರು.

ಐದು ದಿನಕ್ಕೆ ಗಾಯ ಒಣಗಲಿಲ್ಲ. ಅಂಚು ಬೆಳ್ಳಗಾಗಿ ವಾಸನೆ ಶುರುವಾಯಿತು. ನಮ್ಮ ಒಬ್ಬಳೇ ಮಗಳು ಸುನಂದಾಳನ್ನು ಕಾಗವಾಡಕ್ಕೆ ಕೊಟ್ಟಿದ್ದೇವೆ. ಅಲ್ಲಿಂದ ಮಿರಜು ಕೂಗಳತೆಯ ದೂರ. ಅವಳು ಫೋನಿನಲ್ಲಿ, ನಾಳೆಯೇ ಗಾಡಿ ತಗೊಂಡು ಬರುತ್ತೇನೆ, ಅವ್ವ ನಮ್ಮ ಮನೆಯಲ್ಲಿದ್ದು ತೋರಿಸಿಕೊಳ್ಳಲಿ ಎಂದಳು. ಸುಶೀಲಾಳ ಮನಸ್ಸು ಬೇರೆ ಕಡೆ ಇತ್ತು. ಭಾದ್ರಪದದ ದಶಲಕ್ಷಣ ಪರ್ವ ಹತ್ತಿರ ಬಂದಿತ್ತು. ಆ ಹತ್ತು ದಿನ ಅವಳು ಒಪ್ಪೊತ್ತು ಊಟ ಮಾಡುವವಳು, ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ದವಾಖಾನೆ ಸೇರಿದರೆ ಹೊತ್ತು ಮುಳುಗಿದ ಮೇಲೂ ನೀರು, ಗುಳಿಗೆ ಎನ್ನುತ್ತಾರೆ, ವ್ರತ ಕೆಡುತ್ತದೆ ಎಂದು ಅವಳ ಸಂಕಟ. ಆದರೂ ಹಟ ಮಾಡಲಿಲ್ಲ. ನನ್ನ ಮುಂದೆ ಕೂತು ಕಾಲು ಚಾಚಿ ಕೇಳಿದಳು.

"ನೀವ ಇಷ್ಟ ವರ್ಷ ಇದ್ರಾಗ ಇದ್ದೀರಿ. ನೀವ ಹೇಳ್ರಿ. ಹೋಗೂಣು ಅಂದ್ರ ಹೋಗೂಣು, ಬ್ಯಾಡ ಅಂದ್ರ ಬ್ಯಾಡ."

ಹೋಗೂಣು ಎಂದು ಒಂದು ಮಾತು ಹೇಳಿದ್ದರೆ ಅವಳು ಎದ್ದು ಸೀರೆ ಬದಲಿಸುತ್ತಿದ್ದಳು. ನಾನು ಹೇಳಲಿಲ್ಲ. ನನ್ನ ಕಣ್ಣ ಮುಂದೆ ಆ ತಿಳಿ ಉಂಗುರ ಇತ್ತು. ಮಿರಜಿನ ಗಾಯದ ಜೀವಿಯನ್ನೇ ಒರೆಸಿ ಹಾಕಿದ ಪುಡಿ ನನ್ನ ಕೈಯಳತೆಯಲ್ಲಿರುವಾಗ ಮಿರಜಿಗೆ ಯಾಕೆ ಎಂದುಕೊಂಡೆ. ಎರಡು ದಿನ ತಡಿ, ನನ್ನ ಹತ್ರ ಔಷಧ ಐತಿ ಎಂದೆ. ಸುನಂದಾಳಿಗೆ ಫೋನ್ ಮಾಡಿ ಬರಬ್ಯಾಡ ಎಂದೆ. ಅವಳು ಮತ್ತೆ ಮತ್ತೆ ಕೇಳಿದಾಗ, ಇಷ್ಟ ವರ್ಷ ನಾ ಲ್ಯಾಬಿನಾಗ ಸಗಣಿ ಬಳದೇನೇನು ಎಂದು ಗದರಿಸಿದೆ. ಅವಳು ಫೋನ್ ಇಟ್ಟಳು.

ಪುಡಿಯ ಶೀಶೆಗಳು ಕಪಾಟಿನಲ್ಲಿರುತ್ತಿದ್ದವು. ಅದಕ್ಕೆ ಕೀಲಿ ಇದ್ದರೂ ಹಾಕುತ್ತಿರಲಿಲ್ಲ. ಅಪ್ಪಣ್ಣ ಇದ್ದಾರಲ್ಲ, ಕೀಲಿ ಯಾಕೆ ಎಂದು ಮೇಡಂ ಅನ್ನುತ್ತಿದ್ದರು. ಮರುದಿನ ಮುಂಜಾನೆ ಅವರು ಬರುವ ಮೊದಲು ಎರಡು ಚಮಚದಷ್ಟು ಪುಡಿಯನ್ನು ಕಾಗದದಲ್ಲಿ ಕಟ್ಟಿ ಎದೆಯ ಕಿಸೆಯಲ್ಲಿಟ್ಟುಕೊಂಡೆ. ಕೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ ಎಂದು ಆಗ ಯೋಚಿಸಲಿಲ್ಲ. ಈಗ ಗೊತ್ತು, ಕೊಡುತ್ತಿರಲಿಲ್ಲ. ನನ್ನನ್ನು ಕೈ ಹಿಡಿದು ಬಸ್ಸಿಗೆ ಹತ್ತಿಸಿ, ಮೊದಲು ಸುಶೀಲಕ್ಕನನ್ನು ಮಿರಜಿಗೆ ಒಯ್ಯಿರಿ ಎನ್ನುತ್ತಿದ್ದರು. ಅದಕ್ಕೇ ಕೇಳಲಿಲ್ಲವೇನೋ.

ಗಾಯ ತೊಳೆದು ಪುಡಿ ಉದುರಿಸುವಾಗ ಸುಶೀಲಾ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಇದರಿಂದ ಜೀವ ಸಾಯ್ತಾವೇನ್ರಿ?"

"ಜೀವ ಎಲ್ಲಿಂದ ಬರ್ತಾವ. ಇದು ಭಸ್ಮ. ಜಸ್ತದ ಭಸ್ಮ, ವೈದ್ಯರು ಕೊಡ್ತಾರಲ್ಲ, ಅದು."

ಅವಳು ನಂಬಿದಳು. ಭಸ್ಮ ಎಂದ ಮೇಲೆ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡು ಕಾಲು ಮುಂದಿಟ್ಟಳು. ದಿನಾ ಎರಡು ಸಲ ಹಚ್ಚಿದೆ. ಮೂರನೆಯ ದಿನ ವಾಸನೆ ನಿಂತಿತು. ಗಾಯದ ಮೇಲೆ ಬೆಳ್ಳನೆಯ ಹೊಪ್ಪಳಿಕೆ ಕಟ್ಟಿತು, ಒತ್ತಿದರೆ ಒಣ ಒಣ. ನನಗೆ ಆದ ಸಂತೋಷ ನಮ್ಮ ಮಗಳ ಮದುವೆಯ ದಿನವೂ ಆಗಿರಲಿಲ್ಲ. ನಿಪ್ಪಾಣಿ ಡಾಕ್ಟರರ ಗುಳಿಗೆ ಮುಗಿದಿದ್ದವು, ಮತ್ತೆ ತರಲಿಲ್ಲ. ಸುಶೀಲಾ ವ್ರತ ಹಿಡಿದಳು. ನೆರೆಯವರಿಗೆ, ನಮ್ಮ ಮನ್ಯಾಗ ಡಾಕ್ಟರ್ ಅದಾರ, ಮಿರಜ್ಯಾಕ ಎಂದು ಹೇಳಿ ನಗುತ್ತಿದ್ದಳು.

ಇಲ್ಲಿಯವರೆಗೆ ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಬಹುದು. ಮುಂದಿನದಕ್ಕೆ ಆ ಆಸರೆ ಇಲ್ಲ.

ಪರ್ವದ ಐದನೆಯ ದಿನವೋ ಆರನೆಯ ದಿನವೋ, ಕೊನೆಯ ವರ್ಷದ ಹುಡುಗಿಯರು ಮೇಡಂ ಸುತ್ತ ನಿಂತು ಬಟ್ಟಲುಗಳನ್ನು ನೋಡುತ್ತಿದ್ದರು. ನಾನು ಪಕ್ಕದ ಮೇಜು ಒರೆಸುತ್ತಿದ್ದೆ. ಇಷ್ಟು ಚೆನ್ನಾಗಿ ಕೊಲ್ಲುವುದಾದರೆ ಇದನ್ನೇ ಮುಲಾಮು ಮಾಡಿ ಗಾಯಕ್ಕೆ ಹಚ್ಚಬಹುದಲ್ಲ ಎಂದು ಒಬ್ಬಳು ಕೇಳಿದಳು. ಮೇಡಂ ಬಟ್ಟಲನ್ನು ಕೆಳಗಿಟ್ಟರು.

"ಈ ಬಟ್ಟಲದಾಗ ಆ ಜೀವಿ ಒಂದ ಐತಿ. ನಿನ್ನ ಗಾಯದಾಗ ಅದೂ ಐತಿ, ನೀನೂ ಇದ್ದಿ. ಅದನ್ನ ಸುಡೂ ಪುಡಿ ನಿನ್ನ ಹಸಿ ಮಾಂಸಾನೂ ಸುಡಬಹುದು. ಮ್ಯಾಲೆ ಒಣಗಿಸಿ ಒಳಗ ಕೊಳಸಬಹುದು. ಆ ಪರೀಕ್ಷೆ ನಾವಿನ್ನೂ ಮಾಡಿಲ್ಲ. ಅಲ್ಲೀತನಾ ಇದು ಔಷಧ ಅಲ್ಲ, ಬರೇ ಪುಡಿ."

ನನ್ನ ಕೈಯಲ್ಲಿನ ಬಟ್ಟೆ ನಿಂತಿತು. ಎಲ್ಲವೂ ಕೇಳಿಸಿತು, ಎಲ್ಲವೂ ತಿಳಿಯಿತು. ಆಮೇಲೆ ಬಟ್ಟೆ ಮತ್ತೆ ಆಡತೊಡಗಿತು. ಸಂಜೆ ಬಸ್ಸಿನಲ್ಲಿ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಪುಸ್ತಕ ನೋಡಿ ಹೇಳುತ್ತಾರೆ, ನಾನು ಕಾಲು ನೋಡಿ ಹೇಳುತ್ತೇನೆ, ಗಾಯ ಒಣಗಿದೆಯಲ್ಲ. ಮನೆಗೆ ಹೋಗಿ ಹೊಪ್ಪಳಿಕೆಯ ಸುತ್ತ ಒತ್ತಿ ನೋಡಿದೆ. ಪಾದದ ಮೇಲ್ಭಾಗ ಬೆಚ್ಚಗಿತ್ತು, ಸ್ವಲ್ಪ ಉಬ್ಬಿತ್ತು. ಕೂತು ಕೂತು ಉಬ್ಬಿದೆ ಎಂದು ಅವಳಿಗೆ ಹೇಳಿದೆ. ಪುಡಿ ಹಚ್ಚಿದೆ. ಆ ದಿನವೂ ಹಚ್ಚಿದೆ, ಮರುದಿನವೂ.

ಮತ್ತೆರಡು ದಿನಕ್ಕೆ ಶೀಶೆಯಲ್ಲಿ ಪುಡಿ ಕಡಿಮೆಯಾದದ್ದು ಮೇಡಂ ಕಣ್ಣಿಗೆ ಬಿತ್ತು. ಒರೆಸುವಾಗ ಕೈತಪ್ಪಿ ಚೆಲ್ಲಿತು ಎಂದೆ. ಅವರು ಬೇಸರಪಡಲಿಲ್ಲ. ಅದಿರ್ಲಿ, ಮನ್ಯಾಗ ಅಕ್ಕನ ಕಾಲು ಹೆಂಗೈತಿ ಎಂದು ಕೇಳಿದರು. ಗಾಯದ ಸುದ್ದಿ ಮೊದಲೊಮ್ಮೆ ನಾನೇ ಹೇಳಿದ್ದೆ. ಅವರು ನನ್ನ ಎದುರು ಒಂದು ಮೊಳ ದೂರದಲ್ಲಿ ನಿಂತಿದ್ದರು. ನನಗೆ ದಾರಿ ಹೇಳಬಲ್ಲ ಒಂದೇ ಒಂದು ಜೀವ ಅದು. ಹೇಳಿದರೆ ಕಳವು ಹೊರಬೀಳುತ್ತದೆ, ಕೊನೆಯ ವರ್ಷ ಕಳ್ಳನೆನಿಸಿಕೊಂಡು ಹೋಗಬೇಕಾಗುತ್ತದೆ. ಆರೈತ್ರಿ ಎಂದೆ. ಚಲೋ ಆತು ಬಿಡ್ರಿ ಎಂದು ಅವರು ಕೆಲಸಕ್ಕೆ ತಿರುಗಿದರು.

ಚತುರ್ದಶಿಯ ದಿನ ಸುಶೀಲಾ ನೀರೂ ಮುಟ್ಟದ ಉಪವಾಸ ಮಾಡಿದಳು. ಮೈ ಸುಡುತ್ತಿತ್ತು. ಉಪವಾಸದ ಕಾವು ಎಂದಳು, ನಾನೂ ಹೌದೆಂದೆ. ಹೆಬ್ಬೆರಳಿನ ಪಕ್ಕ ನೇರಳೆಹಣ್ಣಿನ ಬಣ್ಣ ಏರಿತ್ತು. ಅದರ ಮೇಲೆ ಸೀರೆಯ ಅಂಚು ಎಳೆದುಕೊಂಡು ಕೂತಿದ್ದಳು.

ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ ಮಾಡುತ್ತಾರೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಮನೆಯವರು, ನೆರೆಯವರು, ವೈರಿಗಳು ಸಹ ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುತ್ತಾರೆ. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಯಾವ ತಪ್ಪು ಎಂದು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಬಸದಿಗೆ ನಡೆಯಲಾಗದೆ ಆ ದಿನ ಸುಶೀಲಾ ಹಾಸಿಗೆಯ ಮೇಲೆಯೇ ಕೂತಿದ್ದಳು. ನಾನು ಬಸದಿಯಿಂದ ಬಂದ ಕೂಡಲೇ ಎರಡೂ ಕೈ ಜೋಡಿಸಿದಳು.

"ತಿಳದೋ ತಿಳೀದನೋ ನಿಮ್ಮ ಮನಸ ನೋಯಿಸಿದ್ರ ಕ್ಷಮಾ ಮಾಡ್ರಿ. ಈ ವರ್ಷ ನಿಮ್ಮ ಕೈಲೆ ಕಾಲ ತೊಳಸಿಕೊಂಡೆ. ಅದ ದೊಡ್ಡ ತಪ್ಪಾತು."

ಅದು ಭಸ್ಮ ಅಲ್ಲ, ಕದ್ದ ಪುಡಿ, ಅದು ಜೀವ ಕೊಲ್ಲುವುದೇ, ನಿನ್ನ ಮಾಂಸವನ್ನೂ ಕೊಲ್ಲಬಹುದೆಂದು ನಾನು ಕಿವಿಯಾರೆ ಕೇಳಿದ್ದೇನೆ, ಏಳು ಹೋಗೋಣ ಎನ್ನಬೇಕಿತ್ತು. ನಾನೂ ಕೈ ಜೋಡಿಸಿದೆ. ತಿಳಿದೋ ತಿಳಿಯದೆಯೋ ಎಂದು ಅದೇ ಮಾತು ಹೇಳಿದೆ, ಎಲ್ಲರಿಗೂ ಹೇಳಿ ಬಂದ ಹಾಗೆ. ಅವಳು ಕ್ಷಮಾ ಎಂದಳು. ಯಾವುದಕ್ಕೆಂದು ತಿಳಿಯದೆ ಕ್ಷಮಿಸಿದಳು. ನನಗೆ ಆ ಕ್ಷಣ ಭಾರ ಇಳಿದಂತೆಯೂ ಆಯಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಮರುದಿನ ಮುಂಜಾನೆ ಅವಳು ಏಳಲಿಲ್ಲ. ಕರೆದರೆ ಬೇರೆ ಏನೋ ಮಾತಾಡಿದಳು, ನನ್ನನ್ನು ತನ್ನ ಅಣ್ಣನೆಂದು ತಿಳಿದಿದ್ದಳು. ನೆರೆಯವರ ಜೀಪಿನಲ್ಲಿ ಮಿರಜಿಗೆ ಒಯ್ದೆವು. ದಾರಿಯುದ್ದಕ್ಕೂ ಎರಡೂ ಕಡೆ ಕಬ್ಬು, ಮೇಲೆ ಒಂದೇ ಸಮನೆ ಮಳೆ. ಅಲ್ಲಿ ಹೊಪ್ಪಳಿಕೆ ತೆಗೆದರೆ ಅದರಡಿ ಪಾದದ ಅರ್ಧ ಮೆತ್ತಗಾಗಿತ್ತು. ಡಾಕ್ಟರರು ಕೆರೆದು ತೆಗೆದ ಬಿಳಿ ಮುದ್ದೆಯನ್ನು ತೋರಿಸಿ ಇದೇನು ಹಚ್ಚಿದ್ದೀರಿ ಎಂದು ಕೇಳಿದರು. ಅರಿಶಿಣ ಎಂದೆ. "ಹಳದ ಪಾಂಢರೀ ಅಸತೇ ಕಾ, ಬಾಬಾ?" ಎಂದರು ಮರಾಠಿಯಲ್ಲಿ. ಅರಿಶಿಣ ಬೆಳ್ಳಗೆ ಇರುತ್ತದೇನು ಎಂದು. ಅವರಿಗೆ ಮತ್ತೆ ಕೇಳಲು ಪುರುಸೊತ್ತಿರಲಿಲ್ಲ. ಹಳ್ಳಿಯ ಮುದುಕ, ಯಾವುದೋ ಸುಣ್ಣ ಬಳಿದಿದ್ದಾನೆ ಎಂದುಕೊಂಡಿರಬೇಕು. ಮೊಣಕಾಲಿನ ಮೇಲಕ್ಕೆ ಕಾಲು ತೆಗೆದರು. ಎಂಟು ದಿನ ಮೊದಲು ಬಂದಿದ್ದರೆ ಒಂದು ಬೆರಳಿಗೆ ಮುಗಿಯುತ್ತಿತ್ತು ಎಂದು ಸುನಂದಾಳ ಮುಂದೆ ಹೇಳಿದರು. ನಂಜು ಆಗಲೇ ರಕ್ತಕ್ಕೆ ಇಳಿದಿತ್ತು. ಆ ಅಮಾವಾಸ್ಯೆಯನ್ನು ಸುಶೀಲಾ ಕಾಣಲಿಲ್ಲ.

ವಿದ್ಯಾ ಮೇಡಂ ರಾಯಬಾಗದಿಂದ ಅಕ್ಕೋಳಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ಕೂತು ಅತ್ತರು. ಆರಿದೆ ಅಂದಿದ್ದಿರಲ್ಲ ಅಪ್ಪಣ್ಣ ಎಂದರು. ಒಮ್ಮೆಲೇ ತಿರುಗಿತು ಎಂದೆ. ಎರಡು ವರ್ಷದ ಮೇಲೆ ಅವರ ಪ್ರಬಂಧ ಅಚ್ಚಾಯಿತು. ಒಂದು ಪ್ರತಿ ನನಗೂ ಕಳಿಸಿದರು. ಮೊದಲ ಪುಟಗಳಲ್ಲಿ ಅವರು ನೆನೆದವರ ಸಾಲಿನಲ್ಲಿ ನನ್ನ ಹೆಸರೂ ಇದೆ, ಪ್ರಾಮಾಣಿಕ ಸಹಾಯಕ್ಕಾಗಿ ಎಂದು. ಜೀವಂತ ಕೋಶಗಳ ಮೇಲೆ ಮಾಡಿದ ಪರೀಕ್ಷೆಯ ಅಧ್ಯಾಯವೂ ಅದರಲ್ಲಿದೆಯಂತೆ. ಇಂಗ್ಲಿಷಿನಲ್ಲಿದೆ. ಯಾರಿಂದಾದರೂ ಓದಿಸಿ ಕೇಳಬಹುದಿತ್ತು, ಕೇಳಿಲ್ಲ. ಪುಡಿಯೇ ಕೊಂದಿತೋ, ತಡವೇ ಕೊಂದಿತೋ ನನಗೆ ಗೊತ್ತಿಲ್ಲ. ಎರಡೂ ನನ್ನ ಕೈಯಿಂದಲೇ ಆದದ್ದು. ತಿಳಿದುಕೊಂಡು ಉಳಿಸಿಕೊಳ್ಳುವುದು ಏನೂ ಇಲ್ಲ.

ಈ ಸಲ ಕಾಲೇಜಿನಿಂದ ಬಂದ ಮೇಲೆ, ಕ್ಷಮಾವಣಿಗೆ ಸುನಂದಾ ಬಂದಾಗ ಎಲ್ಲ ಹೇಳಿಬಿಡಬೇಕೆಂದು ನಿಶ್ಚಯಿಸಿದ್ದೆ. ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ದಿನಾ ಬಾಯಿಪಾಠ ಮಾಡಿದೆ. ಅವಳು ಮಧ್ಯಾಹ್ನದ ಹೊತ್ತಿಗೆ ಕಾಗವಾಡದಿಂದ ಬಂದಳು. ಅವಳ ತಲೆಯಲ್ಲೂ ಈಗ ಅರ್ಧ ಬಿಳಿ ಕೂದಲು. ಕೈಕಾಲು ತೊಳೆದು ಬಂದವಳೇ, ನಾನು ಬಾಯಿ ತೆರೆಯುವ ಮೊದಲೇ, ನನ್ನ ಮುಂದೆ ನೆಲದ ಮೇಲೆ ಕೂತು ಕೈ ಮುಗಿದಳು.

"ಅಪ್ಪಾ, ಪ್ರತಿ ವರ್ಷ ಬಾಯಿಮಾತಿಗೆ ಕೇಳ್ತೇನಿ. ಇವತ್ತ ಹೆಸರ ಹಿಡದ ಕೇಳ್ತೇನಿ. ಅವ್ವನ ಕಾಲ ಕೆಟ್ಟಾಗ ನಾ ಬರಬೇಕಿತ್ತು. ನೀ ಬ್ಯಾಡ ಅಂದಿ ಅಂತ ಬಿಟ್ಟೆ. ನಿನ್ನ ಮಾತ ಮೀರಿ ಬಂದಿದ್ರ ಅವ್ವ ಇರ್ತಿದ್ಲು. ಅಕಿನ್ನ ನಾ ಕೊಂದೆ ಅಂತ ಅನಸ್ತೈತಿ ಅಪ್ಪಾ. ನನ್ನ ಕ್ಷಮಾ ಮಾಡು."

ಅವಳು ತಲೆ ಎತ್ತಲಿಲ್ಲ. ನಾನು ಬಾಯಿಪಾಠ ಮಾಡಿದ್ದ ಮೊದಲ ಮಾತು ನಾಲಿಗೆಯ ತುದಿಯಲ್ಲಿಯೇ ಇತ್ತು. ಇಷ್ಟು ವರ್ಷ ನನ್ನ ಪಾಪವನ್ನು ತನ್ನದೆಂದು ಹೊತ್ತು ತಿರುಗಿದ ಮಗಳು ನನ್ನ ಮುಂದೆ ಕೂತಿದ್ದಳು. ನಾನು ಕೈ ಎತ್ತಿ ಅವಳ ತಲೆಯ ಮೇಲಿಟ್ಟೆ.

ಕ್ಷಮಾ ಎಂದೆ.

ಅವಳು ಬಹಳ ಹೊತ್ತು ಅತ್ತಳು. ಹೊತ್ತು ಮುಳುಗುವ ಮೊದಲು ಉಣ್ಣೋಣ ಎಂದು ತಾನೇ ಎದ್ದು ರೊಟ್ಟಿ ಬಡಿದಳು. ನನಗೆ ಬಡಿಸಿ, ತಾನೂ ಬಡಿಸಿಕೊಂಡು, ಹೊಟ್ಟೆ ತುಂಬ ಉಂಡಳು.